ಎರಡು ಬಾಗಿಲಿನ ಗುಡಾರ

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಅಟ್ಟದ ಮೇಲಿದ್ದ ಟೆಂಟಿನ ಚೀಲವನ್ನು ಇಳಿಸಿ, ಮಹಡಿಯ ಮೇಲೆ ಬಿಸಿಲಿಗೆ ಬಿಚ್ಚಿದೆ. ಜಿಪ್ ಎಳೆಯುತ್ತಿದ್ದಂತೆ ಒಂದು ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಒದ್ದೆ ಮಣ್ಣು, ಸೌದೆ ಹೊಗೆ, ಮಾವಿನ ಸೊನೆ, ಅದರ ಜೊತೆಗೆ ಅತ್ತೆ ಮಡಿಕೆ ಮಡಿಕೆಗೂ ಇಟ್ಟಿದ್ದ ಬೇವಿನ ಎಲೆಯ ಕಹಿ. ರೇಷ್ಮೆ ಸೀರೆಗೆ ಇಡುವ ಹಾಗೆ ಟೆಂಟಿಗೂ ಬೇವಿನ ಎಲೆ ಇಟ್ಟವರು ಇಡೀ ಚನ್ನಪಟ್ಟಣದಲ್ಲಿ ನಮ್ಮತ್ತೆ ಒಬ್ಬರೇ ಇರಬೇಕು. ಕೊಡವಿ ಹರಡಬೇಕಾದವಳು ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅಲ್ಲೇ ಕೂತುಬಿಟ್ಟೆ. ಹೋದ ವರ್ಷದ ಬೇಸಿಗೆ ಪೂರ್ತಿಯಾಗಿ ಆ ಚೀಲದೊಳಗೇ ಇತ್ತು.

ನಾನು ಹೊಲಿಗೆಯವಳು. ಚನ್ನಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಮನೆಯವರು, ಮಹೇಶ್, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಾರೆ. ಮಗಳು ಸಿಂಚನಾಗೆ ಆಗ ಆರನೇ ತರಗತಿ ಮುಗಿಯುತ್ತಾ ಬಂದಿತ್ತು. ಇನ್ನು ಮನೆಯ ಯಜಮಾನಿ ನಮ್ಮತ್ತೆ ಜಯಮ್ಮ. ಸಾತನೂರಿನ ಕಡೆಯವರು, ಮಾತು ಜೋರು, ಕೈ ಅದಕ್ಕಿಂತ ಜೋರು. ನಾನು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಅವರ ಅಡುಗೆ ಮುಗಿದು ಒಲೆ ಒರೆಸಿ ಆಗಿರುತ್ತಿತ್ತು.

ಈ ನಾಲ್ವರ ಮನೆಗೆ ಅದಕ್ಕೂ ಹಿಂದಿನ ಮಳೆಗಾಲದಲ್ಲಿ ನನ್ನ ಅಮ್ಮ ಬಂದಳು. ಅಮ್ಮನ ಹೆಸರು ಗೌರಮ್ಮ. ಮಾಗಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದವಳು ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು, ನಾನು ಒಬ್ಬಳೇ ಮಗಳು. ಮಹೇಶ್ ಹೋಗಿ ಕರೆದುಕೊಂಡು ಬಂದರು. ಪಟ್ಟಿ ಬಿಚ್ಚಿದ ಮೇಲೂ, "ಅಲ್ಲಿಗೆ ಹೋಗಿ ಏನ್ ಮಾಡ್ತೀರಮ್ಮ, ಇಲ್ಲೇ ಇರಿ" ಎಂದು ಬಾಡಿಗೆ ಮನೆ ಬಿಡಿಸಿ ಪಾತ್ರೆಪಗಡೆಗಳನ್ನೂ ತಂದುಬಿಟ್ಟರು.

ಅತ್ತೆಗೂ ಅಮ್ಮನಿಗೂ ಜಗಳವಿದ್ದಿದ್ದರೆ ಬಿಡಿಸಬಹುದಿತ್ತು. ಅವರ ನಡುವೆ ಇದ್ದದ್ದು ಮರ್ಯಾದೆ. "ಬೀಗಿತ್ತಿಯೋರೆ, ಮೊದಲು ನೀವು ಕಾಫಿ ತಗೊಳ್ಳಿ" ಎಂದು ಅಮ್ಮ ಅನ್ನುವಳು. "ಚೆನ್ನಾಗಿರ್ತದಾ? ನೀವು ಮೊದ್ಲು" ಎಂದು ಅತ್ತೆ ಅನ್ನುವರು. ಎರಡು ಲೋಟದಲ್ಲೂ ಕಾಫಿ ಕೆನೆಗಟ್ಟುತ್ತಿತ್ತು. ಅಮ್ಮ ಸೋಫಾದ ಮೇಲೆ ಕೂರುತ್ತಿರಲಿಲ್ಲ, ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯೇ ಸಾಕು. ಟಿವಿ ತಾನಾಗಿ ಹಾಕುತ್ತಿರಲಿಲ್ಲ. ಊಟಕ್ಕೆ ಕೂತರೆ ಎರಡನೇ ಸಲ ಬಡಿಸಲು ಹೋದಾಗ ತಟ್ಟೆಯ ಮೇಲೆ ಕೈ ಅಡ್ಡ. ಮಗಳನ್ನು ಕೊಟ್ಟ ಮನೆಯಲ್ಲಿ ಬಂದು ಕೂತಿದ್ದೇನೆ ಎಂಬ ಸಂಕೋಚ ಅವಳನ್ನು ನೆರಳಿನ ಹಾಗೆ ಹಿಂಬಾಲಿಸುತ್ತಿತ್ತು. ಅತ್ತೆಗೆ ಅದು ಬೇರೆಯೇ ಥರ ಕಾಣುತ್ತಿತ್ತೆಂದು ನನಗೆ ಆಗ ಗೊತ್ತಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅಮ್ಮ ಬಟನ್ ಹಾಕಲು ಅಂಗಡಿಗೆ ಬಂದವಳು, ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: "ಸಿಂಚನಾಳ ರಜೆ ಮುಗಿಯೋವರೆಗೂ ಇರ್ತೀನಿ. ಆಮೇಲೆ ಕುಣಿಗಲ್‌ಗೆ ಹೋಗ್ತೀನಿ. ತಂಗಿ ಕರೀತಾನೇ ಇದ್ದಾಳೆ."

ಚಿಕ್ಕಮ್ಮನ ಮನೆ ನನಗೆ ಗೊತ್ತು. ಎರಡು ಕೋಣೆಯಲ್ಲಿ ಇಬ್ಬರು ಸೊಸೆಯರು, ಮೂವರು ಮಕ್ಕಳು. ಅಲ್ಲಿ ಅಮ್ಮನಿಗೆ ಕಾಲು ಚಾಚಲೂ ಜಾಗವಿಲ್ಲ. ಆದರೆ ಅದು ತಂಗಿಯ ಮನೆ, ಮಗಳ ಮನೆಯಲ್ಲ. ಸಂಜೆ ಅತ್ತೆಗೆ ಹೇಳಿದೆ. "ಅವ್ರಿಷ್ಟ ಕಣವ್ವ, ನಾವ್ ಬ್ಯಾಡ ಅನ್ನಕ್ಕಾಯ್ತದಾ?" ಎಂದು ಅವರು ಆಗಲೇ ತೊಳೆದಿಟ್ಟಿದ್ದ ಅಕ್ಕಿಯನ್ನು ಮತ್ತೆ ತೊಳೆಯತೊಡಗಿದರು.

ಅದೇ ವಾರ ಮಹೇಶ್ ಟೆಂಟಿನ ವಿಷಯ ತೆಗೆದರು. ಯಾರೋ ಗಿರಾಕಿಯಿಂದ ಹಳೆಯ ದೊಡ್ಡ ಕಾರೊಂದನ್ನು ಕೊಂಡಿದ್ದರು. ಬಿಡುವು ಸಿಕ್ಕಾಗಲೆಲ್ಲ ಮೊಬೈಲ್‌ನಲ್ಲಿ, ಕಾರಿನಲ್ಲಿ ಹೋಗಿ ಕಾಡು ಮೇಡಿನ ಹತ್ತಿರ ಟೆಂಟ್ ಹಾಕಿಕೊಂಡು ಕಾಫಿ ಕುಡಿಯುವವರ ವಿಡಿಯೋ ನೋಡುತ್ತಿದ್ದರು. ಸಿಂಚನಾಳ ಗೆಳತಿಯರು ಕನಕಪುರ ರಸ್ತೆಯ ಯಾವುದೋ ರೆಸಾರ್ಟಿನಲ್ಲಿ ಟೆಂಟಿನಲ್ಲಿ ಮಲಗಿ ಬಂದು ಕಥೆ ಹೇಳಿದ್ದೂ ಆಗಿತ್ತು. ಅಪ್ಪ ಮಗಳು ಸೇರಿ ತೀರ್ಮಾನಿಸಿಬಿಟ್ಟರು.

"ಮನೆ ಇರೋರು ಗುಡಾರ ಯಾಕ್ಲಾ ಹಾಕ್ಬೇಕು? ಸರ್ಕಸ್ನೋರಾ ನಾವು?" ಎಂದರು ಅತ್ತೆ.

"ನೀನೂ ಬತ್ತೀಯ ಅವ್ವ. ಎಲ್ರೂ ಹೋಗೋದು," ಎಂದರು ಮಹೇಶ್.

ಎಲ್ಲರೂ ಹೋಗಲೇಬೇಕಿತ್ತು. ಅತ್ತೆಯನ್ನೂ ಅಮ್ಮನನ್ನೂ ಇಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋದರೆ, ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ಉಪವಾಸ ಬೀಳುತ್ತಾರೆಂದು ನನಗೆ ನಿಜವಾಗಿಯೂ ಭಯವಿತ್ತು.

ಮೊದಲು ಮಹೇಶ್ ಆರಿಸಿದ್ದು ಮೊಬೈಲ್‌ನಲ್ಲಿ ಕಂಡ ಒಂದು ಕಿತ್ತಳೆ ಬಣ್ಣದ ಟೆಂಟ್. ನಾಲ್ಕು ಜನರದ್ದು ಎಂದು ಬರೆದಿತ್ತು. "ಸಿಂಚನಾ ಚಿಕ್ಕವಳು, ಅವಳು ಲೆಕ್ಕಕ್ಕಿಲ್ಲ" ಎಂದರು. ಲೆಕ್ಕಕ್ಕಿಲ್ಲ ಅಂದಿದ್ದಕ್ಕೆ ಸಿಂಚನಾ ಮುನಿಸಿಕೊಂಡು ಸ್ಕೂಲಿನ ಸ್ಕೇಲು, ಸೀಮೆಸುಣ್ಣ ತಂದಳು. ಆ ಟೆಂಟಿನ ಅಳತೆ ನೋಡಿಕೊಂಡು ಮಹಡಿಯ ಮೇಲೆ ಒಂದು ಚೌಕ ಬರೆದಳು. "ಎಲ್ಲರೂ ಮಲಗಿ ನೋಡೋಣ" ಎಂದಳು.

ಮಲಗಿದೆವು. ಈ ತುದಿಗೆ ಅತ್ತೆ, ಆ ತುದಿಗೆ ಅಮ್ಮ, ನಡುವೆ ನಾನು, ಸಿಂಚನಾ. ಮಹೇಶ್‌ಗೆ ಜಾಗವಾಗಲಿಲ್ಲ. ಅಡ್ಡ ಮಲಗಿದರೆ ಮಂಡಿಯಿಂದ ಕೆಳಗೆ ಕಾಲೆಲ್ಲ ಗೆರೆಯ ಆಚೆ. ಅತ್ತೆ ಆಕಾಶ ನೋಡುತ್ತಾ ಅಂದರು: "ಇದ್ರೊಳಗೆ ಒಬ್ರು ಉಸ್ರು ಬುಟ್ಮೇಲೆ ಇನ್ನೊಬ್ರು ಎಳ್ಕೋಬೇಕು ಕಣ್ಲಾ."

ಸಿಂಚನಾ ನಕ್ಕೂ ನಕ್ಕೂ ಗೆರೆ ಅಳಿಸಿ ದೊಡ್ಡದಾಗಿ ಬರೆದಳು. ಚೀಲಗಳಿಗೆ ಒಂದು ಮೂಲೆ, ಚಪ್ಪಲಿಗೆ ಬಾಗಿಲ ಹತ್ತಿರ ಒಂದಿಷ್ಟು ಜಾಗ. ಹಾಗೆ ಗೆರೆ ಬೆಳೆಯುತ್ತಾ ನೀರಿನ ಟ್ಯಾಂಕಿನವರೆಗೂ ಹೋಯಿತು. ಆಗ ಅಮ್ಮ ಬಹಳ ಮೆಲ್ಲಗೆ, ಯಾರನ್ನೂ ನೋಡದೆ ಕೇಳಿದಳು: "ಒಳಗೆ ನಿಂತ್ಕೊಂಡು ಸೀರೆ ಉಡೋಕೆ ಆಗುತ್ತಾ?"

ಎತ್ತರದ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಕಿತ್ತಳೆ ಟೆಂಟಿನೊಳಗೆ ಮಂಡಿಯೂರಿ ನುಗ್ಗಬೇಕು, ಕೂತೇ ಇರಬೇಕು. "ಸರ್ಯಾದ್ ಮಾತು" ಎಂದರು ಅತ್ತೆ. ಅಮ್ಮನ ಮಾತಿಗೆ ಅತ್ತೆ ಹೂಂ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೊಬೈಲ್ ನೋಡಿ ಟೆಂಟ್ ಕೊಳ್ಳುವುದಲ್ಲ, ಮುಟ್ಟಿ ನೋಡಿ ಕೊಳ್ಳಬೇಕು ಎಂದು ನಾನು ಹಟ ಹಿಡಿದೆ. ಬಟ್ಟೆಯನ್ನು ಚಿತ್ರ ನೋಡಿ ಆರಿಸಿದವರ ಗೋಳನ್ನು ದಿನಾ ಅಂಗಡಿಯಲ್ಲಿ ಕೇಳುವವಳು ನಾನು. ಒಂದು ಭಾನುವಾರ ಐದೂ ಜನ ಕಾರು ಹತ್ತಿ ಬೆಂಗಳೂರಿನ ಕಡೆಗೆ ಹೊರಟೆವು. ಮೈಸೂರು ರಸ್ತೆಯ ಪಕ್ಕದಲ್ಲೇ ಒಂದು ದೊಡ್ಡ ಮಳಿಗೆಯಿತ್ತು. ಅದರ ನೆಲದ ಮೇಲೆ ಹಸಿರು ಹಾಸು ಹಾಸಿ, ಟೆಂಟುಗಳನ್ನು ಎಬ್ಬಿಸಿಯೇ ನಿಲ್ಲಿಸಿದ್ದರು.

ಮಾರುವ ಹುಡುಗಿ ಚುರುಕಾಗಿದ್ದಳು. "ಎಷ್ಟು ಜನ ಆಂಟಿ?"

"ಐದು."

"ಹಾಗಾದ್ರೆ ಎಂಟು ಜನದ್ದು ನೋಡಿ."

"ಐದು ಜನಕ್ಕೆ ಎಂಟು ಜನದ್ದು ಯಾಕೆ?" ಎಂದು ಮಹೇಶ್ ಹುಬ್ಬೇರಿಸಿದರು.

"ಡಬ್ಬದ ಮೇಲೆ ಬರೆದಿರೋ ಜನಕ್ಕೆ ಚೀಲ ಇರಲ್ಲ, ದಿಂಬು ಇರಲ್ಲ ಸರ್. ಮಗ್ಗುಲೂ ಬದಲಾಯಿಸಲ್ಲ," ಎಂದಳು ಹುಡುಗಿ. ಅತ್ತೆಗೆ ಅವಳು ತುಂಬಾ ಹಿಡಿಸಿಬಿಟ್ಟಳು.

ಮಹೇಶ್ ಮನಸೋತಿದ್ದು ಮನೆಯ ಹಾಗೆ ನೆಟ್ಟಗೆ ಗೋಡೆ ಇದ್ದ, ಮುಂದೆ ಜಗುಲಿಯೂ ಇದ್ದ ಒಂದು ಭಾರೀ ಟೆಂಟಿಗೆ. ಒಳಗೆ ಹೋಗಿ ಕೈ ಬೀಸಿಕೊಂಡು ಅಡ್ಡಾಡಿದರು. ಆದರೆ ಅದರ ಚೀಲ ನೋಡಿದರೆ ನಮ್ಮ ಕಾರಿನ ಡಿಕ್ಕಿಗೆ ಅದೊಂದೇ ಸಾಕು. ಹಾಸಿಗೆ ಪಾತ್ರೆಗಳನ್ನು ತಲೆಯ ಮೇಲೆ ಹೊರಬೇಕು. "ಗೋಡೆ ನೆಟ್ಟಗಿದ್ದಷ್ಟೂ ಗಾಳಿ ಜಾಸ್ತಿ ಹೊಡೆಯುತ್ತೆ ಸರ್" ಎಂದು ಹುಡುಗಿಯೂ ಹೇಳಿದಳು. ಮಹೇಶ್ ಒಲ್ಲದ ಮನಸ್ಸಿನಿಂದ ಹೊರಗೆ ಬಂದರು.

ನನ್ನ ಕಣ್ಣು ಬಿದ್ದಿದ್ದು ಮೂಲೆಯಲ್ಲಿದ್ದ ಬೂದು ಹಸಿರಿನ ಇನ್ನೊಂದರ ಮೇಲೆ. ನಡುವೆ ಎತ್ತರ, ಅಂಚಿಗೆ ಬರುತ್ತಾ ಇಳಿಜಾರು. ರವಿಕೆಗೆ ಲೈನಿಂಗ್ ಕೊಟ್ಟ ಹಾಗೆ ಎರಡು ಪದರ. ಒಳಗಿನದು ಗಾಳಿಯಾಡುವ ಬಲೆ ಬಟ್ಟೆ, ಹೊರಗಿನದು ನೀರು ಇಳಿಯದ್ದು. ಹೊಲಿಗೆ ತಿರುಗಿಸಿ ನೋಡಿದೆ. ಒಂದು ಎಳೆಯೂ ತಪ್ಪಿರಲಿಲ್ಲ. ಸೂಜಿ ತೂರಿದ ಕಡೆಯೆಲ್ಲ ಮೇಲೆ ಪಟ್ಟಿ ಅಂಟಿಸಿದ್ದರು. ನೆಲದ ಬಟ್ಟೆ ಬೋಗುಣಿಯ ಅಂಚಿನ ಹಾಗೆ ಸುತ್ತಲೂ ಮೇಲಕ್ಕೆ ಎದ್ದಿತ್ತು, ಕೆಳಗೆ ನೀರು ಹರಿದರೂ ಒಳಗೆ ಬಾರದ ಹಾಗೆ. ನಡುವೆ ಒಂದು ಪರದೆ. ಎಳೆದರೆ ಎರಡು ಕೋಣೆ. ಒಂದೊಂದು ಕೋಣೆಗೂ ಅದರದ್ದೇ ಬಾಗಿಲು.

ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅಂಗಡಿಯ ಜನರೆಲ್ಲ ನೋಡುತ್ತಿರುವಾಗಲೇ ಉದ್ದಕ್ಕೆ ಮಲಗಿಬಿಟ್ಟರು. ಒಂದು ಮಗ್ಗುಲು, ಇನ್ನೊಂದು ಮಗ್ಗುಲು. "ಆಯ್ತದೆ" ಎಂದರು. ಅಮ್ಮ ಆಚೆಯ ಬಾಗಿಲಿನಿಂದ ಒಳಗೆ ಹೋದಳು. ನಡುವೆ ನಿಂತು, ಪಟ್ಟಿ ಬಿಚ್ಚಿದ ಕೈಯನ್ನು ನಿಧಾನಕ್ಕೆ ಮೇಲೆತ್ತಿದಳು. ಮೇಲಿನ ಬಟ್ಟೆ ತಾಗಲಿಲ್ಲ. ಸೆರಗು ಕೊಡವಿ ಹೆಗಲಿಗೆ ಹಾಕಿಕೊಂಡು ನೋಡಿ ತಲೆಯಾಡಿಸಿದಳು.

"ಇದೇ" ಎಂದೆ ನಾನು. ಎರಡು ಬಾಗಿಲು ಯಾಕೆ ಬೇಕು ಎಂದು ಮಹೇಶ್ ಕೇಳಿದರು. ಒಂದೇ ಬಾಗಿಲಿದ್ದರೆ ಅಮ್ಮ, ಅತ್ತೆ "ನೀವು ಮೊದಲು, ನೀವು ಮೊದಲು" ಎಂದು ಹೊರಗೇ ನಿಂತಿರುತ್ತಾರೆ ಎಂದು ಕಿವಿಯಲ್ಲಿ ಹೇಳಿದೆ. ಅವರು ಮರುಮಾತಿಲ್ಲದೆ ಒಪ್ಪಿದರು. ಇಬ್ಬರಿಗೂ ಒಂದೊಂದು ಕೋಣೆ, ನಡುವೆ ಪರದೆ. ಅಮ್ಮ ಹೊರಡುವ ಮೊದಲಿನ ಈ ಒಂದು ಪ್ರವಾಸವಾದರೂ ಯಾರ ಮನಸ್ಸಿಗೂ ಮುಳ್ಳು ತಾಗದೆ ಮುಗಿಯಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಮನೆಗೆ ತಂದ ಮೇಲೆ ಒಂದು ಸಂಜೆ ಮಹಡಿಯ ಮೇಲೆ ಕಟ್ಟಿ ನೋಡುವ ಶಾಸ್ತ್ರ. ಎಂಥ ಯಂತ್ರವನ್ನಾದರೂ ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವ ಮಹೇಶ್‌ಗೆ ಟೆಂಟಿನ ಕಡ್ಡಿಗಳು ಬಗ್ಗಲಿಲ್ಲ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿದರು. ಟೆಂಟು ಒಂದು ಕಡೆ ಎದ್ದರೆ ಇನ್ನೊಂದು ಕಡೆ ಮಲಗುತ್ತಿತ್ತು. ಸುತ್ತಲಿನ ಮಹಡಿಗಳಲ್ಲೆಲ್ಲ ಜನ. ಎದುರು ಮನೆಯವರು ಕೂಗಿ ಕೇಳಿದರು: "ಏನ್ ಮಹೇಶಣ್ಣ, ಚಪ್ರನಾ? ಯಾರ್ದು ಮದ್ವೆ?" ಕೊನೆಗೆ ಸಿಂಚನಾ ಒಂದು ವಿಡಿಯೋ ನೋಡಿ, ಕಡ್ಡಿಗಳಿಗೆ ಬಣ್ಣಬಣ್ಣದ ನೂಲು ಸುತ್ತಿ ಗುರುತು ಮಾಡಿದಳು. ಎರಡನೇ ಸಲಕ್ಕೆ ಎದ್ದು ನಿಂತಿತು.

ಎಲ್ಲಿಗೆ ಹೋಗುವುದು ಎಂಬುದು ಇನ್ನೊಂದು ಮಾತು. ಮಹೇಶ್‌ಗೆ ಉಯ್ಯಂಬಳ್ಳಿಯ ಆಚೆ ಹೊಳೆಯ ದಂಡೆ ಆಗಬೇಕಿತ್ತು. ಅತ್ತೆ ಒಂದೇ ಮಾತಿಗೆ ತಳ್ಳಿಹಾಕಿದರು. "ಆ ಕಡೀಕೆ ಆನೆ ಬತ್ತವೆ. ನಮ್ಮೂರ್ ಮಗ್ಗುಲು ಬಾಳೆ ತ್ವಾಟಕ್ಕೇ ನುಗ್ತವೆ, ನಿನ್ ಬಟ್ಟೆ ಗುಡಾರ ಯಾವ್ ಲೆಕ್ಕ?" ಆಗ ನೆರವಿಗೆ ಬಂದವರು ಸಲೀಂ ಭಾಯ್. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಇಟ್ಟಿದ್ದವರು, ಮಹೇಶ್‌ಗೆ ಹಳೆಯ ಗಿರಾಕಿ. ಮಾಗಡಿ ರಸ್ತೆಯ ಕಡೆ ಅವರದ್ದೊಂದು ಮಾವಿನ ತೋಪಿತ್ತು. "ಅರೆ ಮಹೇಶಣ್ಣ, ನಮ್ದು ತೋಪು ಇಟ್ಕೊಂಡು ನೀವು ಜಂಗಲ್‌ಗೆ ಯಾಕ್ ಹೋಗ್ತೀರಿ? ಮೋಟ್ರು ಮನೆ ಐತೆ, ನೀರೈತೆ, ಬಾತ್ರೂಮ್ ಐತೆ. ಅಮ್ಮಂದ್ರಿಗೆ ತಕ್ಲೀಫ್ ಆಗಲ್ಲ" ಎಂದರು. ಬಾತ್ರೂಮ್ ಎಂಬ ಒಂದು ಮಾತಿಗೆ ಮನೆಯ ಹೆಂಗಸರೆಲ್ಲ ಒಪ್ಪಿದೆವು.

ಮೇ ತಿಂಗಳು. ತೋಪು ತಲುಪಿದಾಗ ಬೆಳಗಿನ ಬಿಸಿಲು ಇನ್ನೂ ಹಿತವಾಗಿತ್ತು. ಆಚೆಗೆ ಬಂಡೆಯ ಗುಡ್ಡಗಳು ನೀಲಿಯಾಗಿ ನಿಂತಿದ್ದವು. ಆ ವರ್ಷ ಹೂ ತಡವಾಗಿ ಬಿಟ್ಟಿದ್ದರಿಂದ ಕಾಯಿ ಇನ್ನೂ ಮರದಲ್ಲೇ ಇತ್ತು, ಕೊಂಬೆಗಳು ನೆಲಕ್ಕೆ ಬಾಗಿದ್ದವು. ಮರಗಳ ಸಾಲಿನಿಂದ ಸ್ವಲ್ಪ ಆಚೆ, ಬಯಲಿನಂಥ ಜಾಗದಲ್ಲಿ ಟೆಂಟ್ ಹಾಕಿದೆವು. ಮರದ ಕೆಳಗೆ ನೆರಳಿದೆ ಎಂದು ಮಹೇಶ್ ಅಂದರೂ, ಕೊಂಬೆ ಬಿದ್ದರೆ ಗತಿಯೇನು ಎಂದು ಅತ್ತೆ ಬಿಡಲಿಲ್ಲ. ಮೊಳೆಗಳನ್ನು ಹೊಡೆದಾಯಿತು. ನಾಲ್ಕೂ ಕಡೆಯಿಂದ ಎಳೆದು ಕಟ್ಟುವ ಹಗ್ಗಗಳನ್ನು ಮಾತ್ರ, "ಗಾಳಿಯೇ ಇಲ್ವಲ್ಲ, ಕಾಲಿಗೆ ತೊಡರುತ್ತೆ" ಎಂದು ಮಹೇಶ್ ಸುತ್ತಿಟ್ಟರು. ನಾನು ಪರದೆ ಎಳೆದು, ಒಂದು ಕಡೆ ಅತ್ತೆಯ ಹಾಸಿಗೆ, ಇನ್ನೊಂದು ಕಡೆ ಅಮ್ಮನ ಹಾಸಿಗೆ ಹಾಸಿದೆ.

ಮಧ್ಯಾಹ್ನದ ಹೊತ್ತು ಮೂರು ಕಲ್ಲಿನ ಒಲೆಯ ಮೇಲೆ ಅತ್ತೆ ಬಸ್ಸಾರು ಮಾಡಿದರು, ಮುದ್ದೆ ಕಟ್ಟಿದರು. ಅಮ್ಮ ಒಂದು ಮುದ್ದೆಗೇ ಕೈ ತೊಳೆದಳು. ಊಟವಾದ ಮೇಲೆ ಕುಡಿಯುವ ನೀರಿನ ಕ್ಯಾನು, ಹಾಲು ತರಲು ಮಹೇಶ್, ಸಿಂಚನಾ ಕಾರಿನಲ್ಲಿ ರಾಮನಗರಕ್ಕೆ ಹೋದರು. ತೋಪಿನಲ್ಲಿ ನಾವು ಮೂವರೇ. ಅತ್ತೆ ತಮ್ಮ ಕೋಣೆಯಲ್ಲಿ, ಅಮ್ಮ ತನ್ನ ಕೋಣೆಯಲ್ಲಿ ಒರಗಿದ್ದರು. ನಾನು ಪಾತ್ರೆ ಬೆಳಗುತ್ತಿದ್ದೆ.

ಇದ್ದಕ್ಕಿದ್ದಂತೆ ಹಕ್ಕಿಗಳ ಸದ್ದು ನಿಂತಿತು. ತಲೆ ಎತ್ತಿ ನೋಡಿದರೆ ಗುಡ್ಡದ ಮೇಲೆ ಅರಿಸಿನ ಕಲಸಿದ ಬೂದಿಯ ಬಣ್ಣದ ಮೋಡ. ಪಾತ್ರೆಯನ್ನು ಮೋಟಾರು ಮನೆಗೆ ಎತ್ತಿಡುವಷ್ಟರಲ್ಲಿ ಗಾಳಿ ಬಂದುಬಿಟ್ಟಿತು. ಮಣ್ಣು, ತರಗೆಲೆ, ಒಲೆಯ ಬೂದಿ ಎಲ್ಲ ಒಟ್ಟಿಗೆ ಎದ್ದವು. ಟೆಂಟು ಹೊಟ್ಟೆ ಉಬ್ಬಿಸಿಕೊಂಡು ಒಂದು ಕಡೆಗೆ ವಾಲಿತು. ಎರಡು ಮೊಳೆ ಕಿತ್ತು ಹೋದದ್ದು ಕಂಡಿತು.

ನಾನು ಓಡಿದೆ. "ಅತ್ತೆ! ಅಮ್ಮ! ಹೊರಗೆ ಬನ್ನಿ, ಮೋಟ್ರು ಮನೆಗೆ ಹೋಗೋಣ!"

ಅಷ್ಟರಲ್ಲಿ ಮಳೆ. ಹನಿಯಲ್ಲ, ಕೊಡ ಕವಿಚಿದ ಹಾಗೆ. ಅದರ ಜೊತೆಗೆ ಮಾವಿನ ಕಾಯಿಗಳು ಅತ್ತ ಇತ್ತ ಧಪಧಪ ಬೀಳತೊಡಗಿದವು. ಆ ಕಾಯಿಗಳ ನಡುವೆ ಅಮ್ಮನ ಕೈ ಹಿಡಿದು ಓಡಿಸುವುದು ಆಗದ ಮಾತು. ಜಾರಿದರೆ ಇನ್ನೊಂದು ಮಣಿಕಟ್ಟು. "ಒಳಗೇ ಇರಿ! ಕಡ್ಡಿ ಹಿಡ್ಕೊಳ್ಳಿ!" ಎಂದು ಕೂಗಿ, ಕಲ್ಲು ತೆಗೆದುಕೊಂಡು ಮೊಳೆ ಹೊಡೆಯುತ್ತಾ, ಸುತ್ತಿಟ್ಟಿದ್ದ ಹಗ್ಗಗಳನ್ನು ಬಿಚ್ಚಿ ಕಟ್ಟತೊಡಗಿದೆ. ಒಳಗೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಬಟ್ಟೆಯ ಆಚೆಯಿಂದ ದನಿ ಮಾತ್ರ ಕೇಳುತ್ತಿತ್ತು.

"ಬೀಗಿತ್ತಿಯೋರೆ, ನೀವು ಆ ಕಡೆ ಹಿಡ್ಕೊಳ್ತೀರಾ?" ಅಮ್ಮನ ದನಿ.

"ನೀವ್ ಕುಂತ್ಕಳಿ, ನಿಮ್ ಕೈ ನೋವು. ನಾನ್ ನೋಡ್ಕತೀನಿ."

"ಪರವಾಗಿಲ್ಲ, ನೀವು..."

ಗುಡುಗು ಬಡಿಯಿತು. ಗಾಳಿ ಟೆಂಟನ್ನು ನೆಲದಿಂದ ಕಿತ್ತು ಎತ್ತುವ ಹಾಗೆ ಎಳೆಯಿತು. ಒಂದು ಕಡ್ಡಿ ಬಿಲ್ಲಿನಂತೆ ಬಗ್ಗಿದ್ದು ಹೊರಗಿನಿಂದಲೇ ಕಂಡಿತು. ಆಗ ನಾನು ಹುಟ್ಟಿದ ಮೇಲೆ ಕೇಳಿರದಷ್ಟು ದೊಡ್ಡ ದನಿಯಲ್ಲಿ ಅಮ್ಮ ಕಿರುಚಿದಳು:

"ಏ ಜಯಾ! ಆ ಮೂಲೆ ಹಿಡ್ಕೊಳ್ಳೇ! ಹಾರ್ಕೊಂಡು ಹೋಗ್ತಿದೆ!"

ನನ್ನ ಕೈಯಲ್ಲಿದ್ದ ಕಲ್ಲು ಹಾಗೇ ನಿಂತಿತು. ಬೀಗಿತ್ತಿಯನ್ನು ಏಕವಚನದಲ್ಲಿ, ಅದೂ ಹೆಸರು ಹಿಡಿದು! ಗಾಳಿಗಿಂತ ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಅತ್ತೆಯ ಉತ್ತರ ತಡವಾಗಲಿಲ್ಲ.

"ಹಿಡ್ಕಂಡಿವ್ನಿ ಕಣೇ ಗೌರಿ! ನನ್ ಮೂಲೆ ನಾನ್ ನೋಡ್ಕತೀನಿ, ನೀನ್ ಒಸಿ ನಿನ್ ಮೂಲೆ ನೋಡ್ಕೊ!"

"ನೋಡ್ಕೊಂಡೇ ಇದೀನಿ! ಕಾಲು ಕೊಟ್ಟು ಒತ್ತೇ!"

"ಕಾಲ್ ಕೊಟ್ರೆ ಬೀಳ್ತೀನಿ ಕಣೇ!"

"ಬಿದ್ರೆ ಬೀಳು, ಹಾಸಿಗೆ ಮೇಲೆ ತಾನೇ!"

ಧಡ್ ಎಂದು ಸದ್ದಾಯಿತು. ಅತ್ತೆ ಬಿದ್ದರು. ಆಮೇಲೆ ಒಂದು ಗಳಿಗೆ ಮಳೆಯ ಸದ್ದೊಂದೇ. ನಾನು ಹಗ್ಗ ಬಿಟ್ಟು ಬಾಗಿಲಿನ ಜಿಪ್‌ಗೆ ಕೈ ಹಾಕಿದೆ. ಒಳಗಿಂದ ಉಸಿರು ಕಟ್ಟಿದ ಹಾಗೆ ಏನೋ ಸದ್ದು ಬಂತು. ಅಳುತ್ತಿದ್ದಾರೆಂದುಕೊಂಡೆ. ಇಣುಕಿ ನೋಡಿದರೆ ಇಬ್ಬರೂ ನಗುತ್ತಿದ್ದರು. ಅತ್ತೆ ಪರದೆಯನ್ನು ಹಿಡಿದುಕೊಂಡೇ ಬಿದ್ದಿದ್ದರಿಂದ ಪರದೆ ಕಿತ್ತು ಅವರ ಮೈಮೇಲೆ ಸುತ್ತಿಕೊಂಡಿತ್ತು. ಅಮ್ಮ ಎರಡು ಕೈಯಲ್ಲೂ ಕಡ್ಡಿ ಹಿಡಿದುಕೊಂಡು, ಕಣ್ಣೀರು ಒರೆಸಿಕೊಳ್ಳಲು ಕೈಯಿಲ್ಲದೆ, ಭುಜಕ್ಕೆ ಮುಖ ಉಜ್ಜುತ್ತಾ ನಗುತ್ತಿದ್ದಳು.

"ನೋಡ್ತಾ ಏನ್ ನಿಂತಿದ್ದೀಯ? ಹೋಗಿ ಹಗ್ಗ ಕಟ್ಟು!" ಎಂದು ಇಬ್ಬರೂ ಒಟ್ಟಿಗೆ ನನ್ನನ್ನು ಗದರಿದರು.

ಹೋಗಿ ಕಟ್ಟಿದೆ. ಹಗ್ಗಗಳೆಲ್ಲ ಬಿಗಿಯಾದ ಮೇಲೆ ಟೆಂಟು ಅಲುಗಾಡುವುದು ಕಡಿಮೆಯಾಯಿತು. ಮೋಟಾರು ಮನೆಯ ಸೂರಿನ ಕೆಳಗೆ ನಿಂತುಕೊಳ್ಳಬಹುದಿತ್ತು, ನಾನು ಹೋಗಲಿಲ್ಲ. ಮಳೆಯಲ್ಲೇ ನಿಂತೆ. ಒಳಗಿನ ಮಾತು ಕೇಳುತ್ತಿತ್ತು.

"ಒಂದು ಮುದ್ದೆಗೆ ಕೈ ತೊಳ್ಕಂಡ್ಯಲ್ಲ ಮಧ್ಯಾನ, ಯಾಕೆ? ವರ್ಷದಿಂದ ನೋಡ್ತಾವ್ನಿ, ನಮ್ಮನೇಲಿ ಒಂದಿನಾನಾರ ಇಂಥದ್ದು ಬೇಕು ಅಂತ ಬಾಯ್ಬುಟ್ಟಿದ್ದೀಯಾ? ನೋಡ್ದೋರು ಏನಂದ್ಕತಾರೆ? ಜಯಮ್ಮ ಬೀಗಿತ್ತೀನ ಬಾಗ್ಲಲ್ಲಿ ಕುಂಡ್ರಿಸವ್ಳೆ ಅನ್ನಲ್ವಾ? ನಾನೇನ್ ರಾಕ್ಸಸೀನಾ?"

"ಅಯ್ಯೋ, ಹಾಗಲ್ಲ ಕಣೇ. ಮಗಳ ಮನೆ ಅನ್ನ ಹೇಗೆ ಕೇಳಿ ಹಾಕಿಸ್ಕೊಳ್ಳೋದು?"

"ಮಗಳ ಮನೆ ಅನ್ನ ಎಲ್ಲೈತೆ? ನಿನ್ ಮಗ್ಳು ಒಂದಿನ ಒಲೆ ಹಚ್ಚವ್ಳಾ? ಬೇಯ್ಸಾಕೋಳು ನಾನು!"

ಹೊರಗೆ ನೆನೆಯುತ್ತಾ ನಿಂತಿದ್ದ ನಾನು ಬಿಗಿಯಾಗಿದ್ದ ಹಗ್ಗವನ್ನೇ ಮತ್ತೆ ಬಿಗಿದೆ. ಆಮೇಲೆ ಅಮ್ಮನ ದನಿ ಕೇಳಿತು. "ಒಂದು ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬಾರ್ದು. ನಿನ್ನ ಸಾರಿಗೆ ಉಪ್ಪು ಜಾಸ್ತಿ."

"ಹಾಂ?"

"ದಿನಾ."

"ವರ್ಷಗಟ್ಲೆ ತಿಂದ್ಕಂಡು ಈಗ ಹೇಳ್ತೀಯಲ್ಲೇ, ಕಳ್ಳಿ!" ಎಂದರು ಅತ್ತೆ. ಆ ದನಿಯಲ್ಲಿದ್ದ ಸಂತೋಷವನ್ನು ಹೇಗೆ ವರ್ಣಿಸಲಿ? ಹಬ್ಬಕ್ಕೆ ಉಡುಗೊರೆ ಸಿಕ್ಕವರ ಹಾಗಿತ್ತು.

ಮಳೆ ಬಂದಷ್ಟೇ ಬೇಗ ಹೋಯಿತು. ಮಹೇಶ್, ಸಿಂಚನಾ ಕಾರಿನಿಂದ ಇಳಿದು ಓಡಿ ಬಂದಾಗ ಅತ್ತೆ, ಅಮ್ಮ ಬಾಗಿಲಲ್ಲಿ ಒಂದೇ ಚಾಪೆಯ ಮೇಲೆ ಕೂತು, ಬಿದ್ದ ಕಾಯಿಯನ್ನು ಹೆಚ್ಚಿ ಉಪ್ಪು ಖಾರ ಸವರಿಕೊಂಡು ತಿನ್ನುತ್ತಿದ್ದರು. ಮಹೇಶ್ ಬಾಯಿ ಬಿಟ್ಟುಕೊಂಡು ನನ್ನ ಕಡೆ ನೋಡಿದರು. ಆಮೇಲೆ ಹೇಳುತ್ತೇನೆ ಎಂದು ಸನ್ನೆ ಮಾಡಿದೆ. ನಾನು ನೋಡಿ ಆರಿಸಿದ ಹೊಲಿಗೆಗಳಲ್ಲಿ ಒಂದು ಹನಿಯೂ ಇಳಿದಿರಲಿಲ್ಲ. ಬಾಗಿಲ ಜಿಪ್ಪಿನ ಹತ್ತಿರ ಮಾತ್ರ ಒಂದಿಷ್ಟು ತೇವ, ಅದೂ ನಾನು ಇಣುಕಿದ್ದರಿಂದ.

ಸಲೀಂ ಭಾಯ್ ಸ್ಕೂಟರಿನಲ್ಲಿ ಓಡಿ ಬಂದರು. ನೆಲದ ಮೇಲೆ ಹಾಸಿದ ಹಾಗೆ ಬಿದ್ದಿದ್ದ ಕಾಯಿ ನೋಡಿ ಒಂದೆರಡನ್ನು ಎತ್ತಿ ತಿರುಗಿಸಿದರು. ನಾವು ತಿನ್ನುತ್ತಿದ್ದ ಹೋಳನ್ನು ಕೆಳಗಿಟ್ಟೆವು. "ಮರ ನಿಂತವೆ ಅಲ್ವಾ, ಸಾಕು. ಇದು ಉಪ್ಪಿನಕಾಯಿಗೆ ಹೋಗ್ತದೆ" ಎಂದು ಅವರೇ ನಮಗೆ ಸಮಾಧಾನ ಹೇಳಿದರು. ಸಂಜೆಯವರೆಗೂ ನಾವೆಲ್ಲ ಸೇರಿ ಕಾಯಿ ಆರಿಸಿ ಗುಡ್ಡೆ ಹಾಕಿದೆವು. ಒಡೆದದ್ದು ಒಂದು ಕಡೆ, ಗಟ್ಟಿ ಇರುವುದು ಒಂದು ಕಡೆ. ಅಮ್ಮ ಕೂತಲ್ಲಿಂದಲೇ ಆರಿಸುತ್ತಾ, "ಅದು ಈ ಕಡೆ ಕಣೇ ಜಯಾ, ಕಣ್ಣು ಕಾಣಲ್ವಾ?" ಎನ್ನುತ್ತಿದ್ದಳು.

ಕತ್ತಲಾಗುವ ಮೊದಲು ಕಿತ್ತ ಪರದೆಯನ್ನು ಮತ್ತೆ ಕಟ್ಟಲು ಸೂಜಿದಾರ ತೆಗೆದೆ. "ಬುಡು, ಯಾಕೆ? ಸೆಕೆ ಆಯ್ತದೆ" ಎಂದರು ಅತ್ತೆ.

ಇಷ್ಟಾದ ಮೇಲೂ ಅಮ್ಮ ಕುಣಿಗಲ್‌ಗೆ ಹೋದಳು. ತಂಗಿಗೆ ಮಾತು ಕೊಟ್ಟಾಗಿದೆ ಎಂದಳು. ಜೂನ್ ಮೊದಲ ವಾರ ಮಹೇಶ್ ಬಿಟ್ಟು ಬಂದರು. ಮನೆ ಬಿಕೋ ಎನ್ನುತ್ತಿತ್ತು. ತೋಪಿನಲ್ಲಿ ಆದದ್ದು ಆ ಒಂದು ದಿನದ್ದೇ ಏನೋ ಎಂದುಕೊಂಡು ನಾನು ಅಂಗಡಿಯಲ್ಲಿ ಎರಡು ರವಿಕೆಗೆ ತೋಳು ತಿರುಗಾಮುರುಗ ಹಚ್ಚಿದೆ. ಅತ್ತೆ ಮಾತ್ರ ದಿನಾ ಸಂಜೆ ಫೋನ್ ಹಿಡಿದು ಮಹಡಿಗೆ ಹೋಗುತ್ತಿದ್ದರು. ಸಾರಿಗೆ ಉಪ್ಪು ಹಾಕುವ ಮೊದಲು ಒಂದು ಸಲ ನಿಂತು ಯೋಚಿಸುತ್ತಿದ್ದರು.

ಒಂದು ಸಂಜೆ ಅವರು ಫೋನಿನಲ್ಲಿ ಜೋರಾಗಿ ಹೇಳುವುದು ಮೆಟ್ಟಿಲ ಕೆಳಗಿದ್ದ ನನಗೂ ಕೇಳಿತು: "ಸಾಕು ಬಾರೇ. ಅಲ್ಲಿ ಕಾಲ್ ಮಡ್ಚಿ ಮಲಗ್ತೀಯಂತೆ. ಇಲ್ಲಿ ನಿನ್ ಮಂಚ ಖಾಲಿ ಬಿದ್ದೈತೆ. ಉಪ್ಪಿನಕಾಯಿ ಬೇರೆ ಹಾಕಿವ್ನಿ, ರುಚಿ ನೋಡೋರೇ ಇಲ್ಲ."

ಅದೇ ವಾರ ಅಮ್ಮ ತಾನಾಗಿ ಬಸ್ಸು ಹತ್ತಿ, ಮಾಗಡಿಯ ಮೇಲೆ ಬಂದು ಇಳಿದಳು. ಯಾರನ್ನೂ ನಿಲ್ದಾಣಕ್ಕೆ ಕರೆಯಲಿಲ್ಲ. ನನ್ನ ಅಂಗಡಿಯ ಮುಂದೆಯೇ ಹಾದು ಹೋಗಿದ್ದಾಳೆ, ನನ್ನನ್ನು ಕೂಗಿಲ್ಲ. ನಾನು ಸಂಜೆ ಮನೆಗೆ ಹೋದಾಗ ಸೋಫಾದ ಮೇಲೆ ಕೂತು ಇಬ್ಬರೂ ಟಿವಿ ನೋಡುತ್ತಾ, ಧಾರಾವಾಹಿಯ ಅತ್ತೆಯೊಬ್ಬಳನ್ನು ಬೈಯುತ್ತಿದ್ದರು.

ದೀಪಾವಳಿ ಆದ ಮೇಲೆ ದೊಡ್ಡಮಳೂರಿನಲ್ಲಿ ನಮ್ಮ ನೆಂಟರ ಮಗುವಿಗೆ ನಾಮಕರಣವಿತ್ತು. ಊಟದ ಸಾಲಿನಲ್ಲಿ ಅತ್ತೆ, ಅಮ್ಮ ಒಟ್ಟಿಗೆ ಕೂತಿದ್ದರು. ನಾನು ಎದುರು ಸಾಲಿನಲ್ಲಿದ್ದೆ. ದೂರದ ಸಂಬಂಧದ ಹೆಂಗಸೊಬ್ಬರು ಎಲೆಯ ಮುಂದೆ ಕೂರುತ್ತಾ ಅಮ್ಮನನ್ನು ನೋಡಿ, ಎಲ್ಲರಿಗೂ ಕೇಳುವ ಹಾಗೆ ಅಂದರು: "ಗೌರಮ್ಮೋರು ಈಗ ಮಗಳ ಮನೇಲೇ ಇದ್ದೀರಂತೆ?"

ಅಮ್ಮನ ಕೈ ಎಲೆಯ ಮೇಲೆ ನಿಂತಿತು.

ಅತ್ತೆ ಮಾತ್ರ ಕೋಸಂಬರಿ ತಿನ್ನುವುದನ್ನು ನಿಲ್ಲಿಸಲಿಲ್ಲ. ಅಗಿದು ನುಂಗಿದ ಮೇಲೆ ನಿಧಾನಕ್ಕೆ ಹೇಳಿದರು: "ಮಗಳ ಮನೇಲಾ? ಯಾರ್ ಹೇಳ್ದೋರು? ಅವ್ಳಿರೋದು ನನ್ ಜೊತೆ ಕಣವ್ವ. ಮಗ್ಳು ಅಳಿಯ ನಮ್ಮಿಬ್ರ ಜೊತೆ ಅವ್ರೆ."

ಬಡಿಸುವವರು ಪಾಯಸದ ಬಕೆಟ್ಟು ಹಿಡಿದು ಬಂದರು. ಅಮ್ಮ ತಲೆ ಎತ್ತಿ, "ಇನ್ನೊಂದು ಸೌಟು ಹಾಕಪ್ಪ" ಎಂದಳು.